ಕಡ ತಂದ ಹಸಿವು

ಪರಾನುಭವ ಪಟ್ಟಿಯನ್ನು ತೋಳಿಗೆ ಬಿಗಿದು ಗುಂಡಿ ಒತ್ತಿದ ಕೂಡಲೇ ಸುವರ್ಣಾ ಅಕ್ಕೋರು ಕಣ್ಣು ಮುಚ್ಚಿಕೊಂಡರು. ವಿಜಯಪುರದ ಹೊರವಲಯದಲ್ಲಿದ್ದ ಆ ಹುಡುಗಿಯರ ಸೈಕ್ಲಿಂಗ್ ವಸತಿನಿಲಯದಲ್ಲಿ ದಿನಾ ಬೆಳಿಗ್ಗೆ ನಡೆಯುವ ಕೆಲಸ ಅದು. ಅಂಗಳದಲ್ಲಿ ಸೈಕಲ್ ಒರೆಸುತ್ತಿದ್ದ ಹುಡುಗಿಯ ಮೈಯಲ್ಲಿ ಆ ಗಳಿಗೆಗೆ ಏನೇನು ಆಗುತ್ತಿತ್ತೋ ಅದೆಲ್ಲ ಕೋಣೆಯಲ್ಲಿ ಕೂತ ಕೋಚ್ ಅಕ್ಕೋರ ಮೈಗೂ ಆಗುತ್ತಿತ್ತು.

ಪ್ರತಿ ಹುಡುಗಿಯ ಬೆನ್ನಿನ ಮೇಲೊಂದು ಬೆವರಚ್ಚು ಅಂಟಿಸಿದ್ದರು. ಬೆಳ್ಳುಳ್ಳಿ ಸಿಪ್ಪೆಯಷ್ಟು ತೆಳು. ಅದು ಬೆವರಿನಿಂದ, ನಾಡಿಯಿಂದ ಸುದ್ದಿ ಹೆಕ್ಕಿ ಪಟ್ಟಿಗೆ ಕಳಿಸುತ್ತಿತ್ತು. ಪಟ್ಟಿ ತೊಟ್ಟವರ ನರಗಳನ್ನು ಮೀಟಿ ಅದೇ ಹಸಿವು, ಅದೇ ದಣಿವು, ಅದೇ ನೋವು ಹುಟ್ಟಿಸುತ್ತಿತ್ತು.

ಇದನ್ನು ಕಂಡುಹಿಡಿದ ಡಾಕ್ಟರ್ ಹೇಮಲತಾ ಹಂಚಿನಾಳರನ್ನು ಅಕ್ಕೋರು ಮೊದಲ ದಿನವೇ ಕೇಳಿದ್ದರು. "ತಕ್ಕಡಿ ಐತಲ್ಲರಿ ಮೇಡಂ, ಇದ್ಯಾಕ ಬೇಕು?"

"ನಿಮ್ಮ ಹುಡುಗಿಯರು ತಂಬಿಗೆ ತುಂಬ ನೀರು ಕುಡಿದು ತಕ್ಕಡಿ ಹತ್ತುತ್ತಾರೆ. ಊಟ ಆಯಿತೇ ಅಂದರೆ ಆಯಿತು ಅನ್ನುತ್ತಾರೆ. ದುಡಿಮೆಗೆ ತಕ್ಕ ಊಟ ಇಲ್ಲದಿದ್ದರೂ ಕಾಲು ತುಳಿಯುತ್ತಲೇ ಇರುತ್ತದೆ. ನಿಲ್ಲುವುದು ಹೊರಗೆ ಕಾಣದ ಕೆಲಸಗಳು: ಮೂಳೆ ಕಟ್ಟುವುದು, ತಿಂಗಳ ಮುಟ್ಟು, ಮೈ ಬೆಚ್ಚಗಿಡುವುದು. ಇದನ್ನು ಇಂಧನಗೊರತೆ ಅನ್ನುತ್ತೇವೆ. ಬಾಯಿ ಸುಳ್ಳು ಹೇಳಬಹುದು, ಮೈ ಹೇಳುವುದಿಲ್ಲ."

"ಅಂದ್ರ ಹುಡುಗ್ಯಾರು ಬಿಟ್ಟ ಊಟಕ್ಕ ನಾ ಹಸಿಬೇಕು ಅನ್ರಿ."

"ಹೌದು," ಎಂದು ಡಾಕ್ಟರ್ ನಕ್ಕಿದ್ದರು. "ಮೈಯಲ್ಲಿ ಏನಾದರೂ ಬೇರೆ ಅನ್ನಿಸಿದರೆ ತಿಳಿಸಿ, ಅಷ್ಟೇ."

ಅಕ್ಕೋರಿಗೆ ಬೇರೆ ಏನೂ ಅನ್ನಿಸಲಿಲ್ಲ. ಊಟ ಬಿಡುವರೆಂದು ಅನುಮಾನವಿದ್ದವರಲ್ಲಿ ಯಾರ ಹೆಸರು ಒತ್ತಿದರೂ ಒಂದೇ ಮಾತು: "ಎಲ್ಲಾ ಸರಿ ಐತಿ."

ಹುಡುಗಿಯರಲ್ಲಿ ಕಸ್ತೂರಿಗೆ ಮಾತ್ರ ಯಾವುದೂ ಸರಿ ಇರಲಿಲ್ಲ. ಏರು ಬಂತೆಂದರೆ ದಾನೇಶ್ವರಿ, ಎಲ್ಲರ ಬಾಯಲ್ಲಿ ದಾನಿ, ಗಾಳಿಪಟದ ಹಾಗೆ ಮೇಲೆ ಹೋಗುತ್ತಿದ್ದಳು. ಹಿಂದೆ ಉಳಿದ ಕಸ್ತೂರಿಗೆ ತನ್ನದೇ ಏದುಸಿರು ಕೇಳುತ್ತಿತ್ತು. ಇಬ್ಬರದೂ ಒಂದೇ ಕೋಣೆ. ದಾನಿ ಸಡಿಲಾದ ಅಂಗಿಗೆ ಪಿನ್ನು ಚುಚ್ಚಿಕೊಳ್ಳುವುದನ್ನು ಕಂಡರೂ ಕಸ್ತೂರಿಯ ಹೊಟ್ಟೆ ಉರಿಯುತ್ತಿತ್ತು. ಊಟಕ್ಕೆ ಕೂತಾಗ ದಾನಿ ರೊಟ್ಟಿ ಮುರಿದು, ತಾಟಿನ ತುಂಬ ಆಡಿಸಿ, ಕೊನೆಗೆ ಇವಳ ತಾಟಿಗೆ ಸರಿಸುತ್ತಿದ್ದಳು.

"ಉಣ್ಣವಾ ಕಸ್ತೂರಿ, ಉಣ್ಣು. ಇಳಿಜಾರಿನ್ಯಾಗ ನಿನ್ನ ಹಿಡಿಯಾವ್ರಿಲ್ಲ. ಕಲ್ಲು ಉಳ್ಳಿದಂಗ ಬರತಿ!"

ಹುಡುಗಿಯರೆಲ್ಲ ನಗುತ್ತಿದ್ದರು. ಕಸ್ತೂರಿಗೆ ಹಸಿವು ತಡೆಯಲು ಬರುತ್ತಿರಲಿಲ್ಲ. ಶಾಪ ಹಾಕುತ್ತಲೇ ಆ ರೊಟ್ಟಿಯನ್ನೂ ತಿನ್ನುತ್ತಿದ್ದಳು.

ರಾಜ್ಯ ತಂಡದಲ್ಲಿ ಉಳಿದದ್ದು ಒಂದೇ ಜಾಗ. ಅದಕ್ಕಾಗಿ ಗುಡ್ಡದ ಏರಿನಲ್ಲಿ ಇಬ್ಬರಿಗೂ ಪರೀಕ್ಷೆ. ಅದರ ಹಿಂದಿನ ದಿನ ಟೈರು ತಂದ ಲಾರಿಯವನ ಜೊತೆ ಮಾತಾಡಲು ಅಕ್ಕೋರು ಹೊರಗೆ ಹೋದಾಗ ಪಟ್ಟಿ ಮೇಜಿನ ಮೇಲೆಯೇ ಉಳಿಯಿತು. ಕಸ್ತೂರಿ ಅದನ್ನು ತೋಳಿಗೆ ಬಿಗಿದುಕೊಂಡಳು. ಆ ಹಗುರ ಮೈ ಹೇಗಿರುತ್ತದೆಂದು ಒಂದು ಸಲವಾದರೂ ನೋಡಬೇಕಿತ್ತು. ದಾನಿಯ ಹೆಸರು ಒತ್ತಿದಳು.

ಹಗುರ ಎಲ್ಲೂ ಇರಲಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಹಲ್ಲು ಕಟಕಟ ಅನ್ನುವ ಚಳಿ. ಹೊಟ್ಟೆಯಲ್ಲಿ ಹಸಿವೂ ಇಲ್ಲ. ಕರೆದು ಕರೆದು ಸಾಕಾಗಿ ಹಸಿವು ಎದ್ದು ಹೋದ ಮೇಲಿನ ಖಾಲಿ. ಬಲ ಮೊಣಕಾಲಿನ ಕೆಳಗೆ, ಮೂಳೆಯ ಒಳಗೆ, ಸೂಜಿ ಇಟ್ಟಂಥ ನೋವು. ಕಿಟಕಿಯಾಚೆ ದಾನಿ ಚೈನಿಗೆ ಎಣ್ಣೆ ಬಿಡುತ್ತ ಯಾರೊಂದಿಗೋ ನಗುತ್ತಿದ್ದಳು.

ಕಸ್ತೂರಿಗೆ ಮೊದಲು ಆದದ್ದು ಖುಷಿ. ನಾಳೆ ಏರಿನ ಅರ್ಧಕ್ಕೆ ಈ ಕಾಲು ಮುರಿಯುತ್ತದೆ. ತಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಜಾಗ ತನ್ನದೇ. ಅಷ್ಟರಲ್ಲಿ ದಾನಿ ನಗುತ್ತಲೇ ಎದ್ದು ಬಲಗಾಲ ಮೇಲೆ ಭಾರ ಬಿಟ್ಟಳು. ಇಲ್ಲಿ ಕಸ್ತೂರಿ ಚೀರಿದಳು.

ಅಕ್ಕೋರು ಓಡಿ ಬಂದರು. "ಏನ್ ಮಾಡಾಕತ್ತೀ ಇಲ್ಲಿ? ತಗಿ ಅದನ್ನ!"

ಏನಾದರೊಂದು ನೆವ ಹೇಳಬಹುದಿತ್ತು. ಆದರೆ ಅಷ್ಟು ನೋವಿನಲ್ಲೂ ದಾನಿ ನಕ್ಕ ಆ ನಗು ಇನ್ನೂ ಕಣ್ಣೆದುರಿಗಿತ್ತು. "ಅಕ್ಕೋರ, ದಾನಿ ಕಾಲು ಮುರಿತೈತ್ರಿ. ನಾಳೆ ಓಡಸಬ್ಯಾಡ್ರಿ ಆಕಿನ್ನ."

"ಮುಂಜಾನೆ ಹಾಕ್ಕೊಂಡು ನೋಡೇನಿ. ಎಲ್ಲಾ ಸರಿ ಐತಿ."

"ಬಿಸಿಲಾಗ ಚಳಿ ಹತ್ತತೈತ್ರಿ ಆಕಿಗೆ!"

"ಸೈಕಲ್ ಹೊಡಿಯಾವ್ರಿಗೆ ಎಲ್ಲಾರಿಗೂ ಇರತೈತಿ."

"ನನಗಿಲ್ಲರಿ," ಎಂದಳು ಕಸ್ತೂರಿ.

ಅಕ್ಕೋರು ಅವಳ ತೋಳಿನಿಂದ ಪಟ್ಟಿ ಬಿಚ್ಚಿಕೊಂಡರು. ಆಮೇಲೆ ಡಾಕ್ಟರಿಗೆ ಫೋನ್ ಮಾಡಿದರು.

ಸಂಜೆಯೊಳಗೆ ಎಕ್ಸ್‌ರೇ ಬಂತು. ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು. ಪರೀಕ್ಷೆಯೂ ಇಲ್ಲ, ತಂಡವೂ ಇಲ್ಲ, ಉಣ್ಣಬೇಕು, ಮಲಗಬೇಕು. ದಾನಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. "ಹೊಟ್ಟಿಕಿಚ್ಚಿಗೆ ಮಾಡಿದಿ."

"ಹೌದು," ಎಂದಳು ಕಸ್ತೂರಿ. "ಪಟ್ಟಿ ಕಟ್ಟಿಕೊಂಡದ್ದು ಹೊಟ್ಟಿಕಿಚ್ಚಿಗೇ. ಅಕ್ಕೋರಿಗೆ ಹೇಳಿದ್ದು ಅದಕ್ಕಲ್ಲ." ದಾನಿ ನಂಬಲಿಲ್ಲ.

ಡಾಕ್ಟರ್ ಹೇಮಲತಾ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಯಂತ್ರದಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ಕೊನೆಗೆ ಒಂದು ಬೆವರಚ್ಚನ್ನು ಅಕ್ಕೋರ ಬೆನ್ನಿಗೇ ಅಂಟಿಸಿದರು. ಅದು ಕಳಿಸಿದ ಸುದ್ದಿಯೂ ದಾನಿಯ ಸುದ್ದಿಯೂ ಅಕ್ಕತಂಗಿಯರ ಹಾಗಿದ್ದವು.

"ನೀವು ಯಾವಾಗಿನಿಂದ ಹೀಗೆ ಅರೆಹೊಟ್ಟೆ ಉಣ್ಣುತ್ತಿದ್ದೀರಿ?"

"ಸೈಕಲ್ ಹಿಡಿದಾಗಿಂದರಿ. ಪದಕಾ ಬರೂತನಾ ಒಂದ ರೊಟ್ಟಿ ಅಂದಿದ್ರು ನಮ್ಮ ಮಾಸ್ತರು. ಪದಕಾ ಬಂತು. ರೊಟ್ಟಿ ಒಂದ ಉಳೀತು."

ಡಾಕ್ಟರ್ ತಲೆ ತಗ್ಗಿಸಿದರು. ತೊಟ್ಟವರ ಮೈಯೇ ಅಳತೆಗೋಲು ಎಂದು ನಂಬಿ ಯಂತ್ರ ಮಾಡಿದ್ದರು. ಬಾಗಿದ ಅಳತೆಗೋಲಿಗೆ ಬಾಗಿದ ಮೂಳೆ ನೆಟ್ಟಗೇ ಕಂಡಿತ್ತು.

ಅವರು ಕಸ್ತೂರಿಯನ್ನು ಕರೆದು ಎದುರಿಗೆ ಕೂರಿಸಿದರು. ಪಟ್ಟಿಯನ್ನು ಅಕ್ಕೋರ ತೋಳಿಗೆ ಕಟ್ಟಿ ಕಸ್ತೂರಿಯ ಹೆಸರು ಒತ್ತಿದರು. ಚೆನ್ನಾಗಿ ಉಣ್ಣುವವಳೆಂದು ಅಕ್ಕೋರು ಒಮ್ಮೆಯೂ ಒತ್ತದ ಹೆಸರದು.

ಅಕ್ಕೋರು ಕಣ್ಣು ಮುಚ್ಚಿಕೊಂಡರು. ಒಂದು ಕೈ ಮೆಲ್ಲಗೆ ಹೊಟ್ಟೆಯ ಮೇಲೆ ಬಂತು. "ಇಷ್ಟು ಬೆಚ್ಚಗ ಇರತಾರೇನ್ರಿ ಮಂದಿ?"

ಅವರು ಕಣ್ಣು ತೆರೆದು ಕಸ್ತೂರಿಯನ್ನು ನೋಡಿದರು. ಆ ನೋಟ ಕಸ್ತೂರಿಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ದಿನ ದಾನಿಯ ಬೆನ್ನ ಮೇಲೆ ನೆಟ್ಟಿದ್ದ ಅವಳದೇ ನೋಟ ಅದು. ಅಸೂಯೆ. ತನ್ನ ಮೇಲೂ ಯಾರಾದರೂ ಹಾಗೆ ಉರಿಯಬಹುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಡಾಕ್ಟರ್ ಪಟ್ಟಿ ಬಿಚ್ಚಲು ಕೈ ಚಾಚಿದರು. ಅಕ್ಕೋರು ತೋಳನ್ನು ಎದೆಗವಚಿಕೊಂಡರು.

"ಇನ್ನಷ್ಟು ತಡೀರಿ ಮೇಡಂ. ಇಕಿ ಈಗಷ್ಟ ಉಂಡಾಳ."