ಹೆಳವರ ಹೊತ್ತಿಗೆಯ ಮೇಲಿನ ಜೋಳ

೨೦೦೭ರ ಮಾರ್ಚ್ ೧೨, ಸೋಮವಾರ. ಬೆಳಿಗ್ಗೆ ಒಂಬತ್ತೂವರೆಗೆ ಕಮಲಾಪುರ ಠಾಣೆಯ ಅಂಗಳಕ್ಕೆ ಮೊದಲು ಒಂದು ಎತ್ತು ಬಂತು. ಅದರ ಹಿಂದೆ, ಹೆಗಲಿಗೆ ಗಂಟೆ ತೂಗುಹಾಕಿಕೊಂಡ ಮುದುಕ ಬಂದ.

"ಎತ್ತು ಹೊರಗ ಕಟ್ಟು ಅಜ್ಜ. ಅದರ ಹೇಳಿಕಿ ಬ್ಯಾಡ ನಮಗ," ಅಂದರು ಪಿಎಸ್‌ಐ ದೇವೀಂದ್ರಪ್ಪ.

ಮುದುಕ ನಗಲಿಲ್ಲ. "ನನ್ನ ಹೊತ್ತಿಗಿ ಹೋಗ್ಯದ್ರಿ ಸಾಹೇಬ್ರ."

ಬರೆದುಕೊಳ್ಳಲು ಕೂತಿದ್ದ ಮಹಿಳಾ ಪೇದೆ ಮಲ್ಕಮ್ಮನ ಪೆನ್ನು ಅಲ್ಲೇ ನಿಂತಿತು. ಅವಳು ಅವನನ್ನು ನೋಡಿದ ತಕ್ಷಣ ಗುರುತಿಸಿದ್ದಳು. ಅವನು ಹೆಳವರ ಅಮೋಘಪ್ಪ. ಸುಗ್ಗಿ ಮುಗಿದ ಮೇಲೆ ಊರೂರು ತಿರುಗಿ, ಒಂದೊಂದು ಮನೆಯ ಮುಂದೆಯೂ ಗಂಟೆ ಬಾರಿಸಿ, ಆ ಮನೆಯವರ ಏಳೆಂಟು ತಲೆಮಾರಿನ ಹೆಸರು ಓದಿ ಹೇಳುವವನು. ಅವಳು ಸಣ್ಣವಳಿದ್ದಾಗ ಅಜ್ಜಿ ಮರೆಮ್ಮ ಮುಷ್ಟಿ ತುಂಬಾ ಜೋಳ ಕೊಟ್ಟು ಮುಂದೆ ನೂಕುತ್ತಿದ್ದಳು: "ಹೊತ್ತಿಗಿ ಹಸಿದಿರ್ತದ. ತೆರೆಯೋ ಮೊದಲ ಕಾಳು ಹಾಕು. ಇಲ್ಲಂದ್ರ ಹಿರೇರು ಮಾತಾಡಂಗಿಲ್ಲ."

"ಎಷ್ಟು ಕಿಮ್ಮತ್ತಿಂದು?" ದೇವೀಂದ್ರಪ್ಪ ಕೇಳಿದರು.

"ಇಪ್ಪತ್ತೆರಡು ಊರಿನ ಸತ್ತವರು ಅದರಾಗ ಅದಾರ. ನೀವೇ ಹೇಳ್ರಿ ಕಿಮ್ಮತ್ತು. ನಮ್ಮ ಮುತ್ಯಾನ ಮುತ್ಯಾ ಬರೆದದ್ದು. ಅದಿಲ್ಲಂದ್ರ ನಾನು ಯಾರ ಬಾಗಿಲಿಗೂ ಹೋಗಂಗಿಲ್ಲ. ಬಾಯಿಪಾಠ ಅರ್ಧ ಮರ್ತೀನಿ."

ಎಫ್‌ಐಆರ್ ದಾಖಲಾಯಿತು, ಭಾರತೀಯ ದಂಡ ಸಂಹಿತೆ ಕಲಂ ೩೭೯. ಹನ್ನೊಂದಕ್ಕೆ ಹನುಮಂತದೇವರ ಗುಡಿಯ ಕಟ್ಟೆಯ ಮೇಲೆ ಸ್ಥಳ ಪಂಚನಾಮೆ. ಭಾನುವಾರ ಮಧ್ಯಾಹ್ನ ಎತ್ತಿಗೆ ನೀರು ಕುಡಿಸಲು ಹೋಗಿ ಬರುವಷ್ಟರಲ್ಲಿ ಚೀಲ ಬರಿದಾಗಿತ್ತು. ಚೀಲದಲ್ಲಿದ್ದ ಕಂಬಳಿ, ಹೊಸ ಧೋತರ ಹಾಗೇ ಇದ್ದವು.

"ಯಾರ ಜೋಡಿಯಾದ್ರೂ ಜಗಳ?"

"ಎಲ್ಲರೂ ಕೇಳ್ಯಾರ, ಉಣ್ಣಾಕ ನೀಡ್ಯಾರ. ಜಗಳ ಎಲ್ಲಿಂದು ತರಲಿ?"

ಎರಡು ದಿನ ರದ್ದಿ ಅಂಗಡಿಗಳನ್ನು ಜಾಲಾಡಿದ್ದಾಯಿತು. ಗುರುವಾರ ದೇವೀಂದ್ರಪ್ಪನವರಿಗೆ ಯಾರೋ ಹೇಳಿದರು, ಹಳೆಯ ಹಸ್ತಪ್ರತಿಗಳು ಇಂಟರ್‌ನೆಟ್ಟಿನಲ್ಲಿ ಮಾರಾಟಕ್ಕೆ ಬರುತ್ತವೆ ಅಂತ. ಮಲ್ಕಮ್ಮನನ್ನು ಕಲಬುರಗಿಗೆ ಕಳಿಸಿದರು. ಸೂಪರ್ ಮಾರ್ಕೆಟ್‌ನ ಬಟ್ಟೆ ಅಂಗಡಿಗಳ ಸಾಲಿನ ಮಹಡಿಯ ಮೇಲೆ ಹಮೀದನ ಸೈಬರ್ ಕೆಫೆ. ಆ ಸಾಲಿನಲ್ಲಿ ಸ್ಕ್ಯಾನರ್ ಇದ್ದದ್ದು ಅಲ್ಲಿ ಮಾತ್ರ.

ಕಮಲಾಪುರ, ಹೆಳವ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಹುಡುಕಿದರು. ಮಾರಾಟದ ಸುದ್ದಿ ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದು ವಂಶಾವಳಿ ಹುಡುಕುವವರ ಒಂದು ತಾಣ.

"ಇಲ್ಲಿ ಎಲ್ಲಾ ಫುಕಟ್ ಅದ ಮೇಡಂ," ಅಂದ ಹಮೀದ್. "ಯಾರು ಬೇಕಾದ್ರೂ ನೋಡ್ಬಹುದು, ಯಾರು ಬೇಕಾದ್ರೂ ಹಾಕ್ಬಹುದು. ಪೈಸಾ ಕೇಳಂಗಿಲ್ಲ."

ಮಲ್ಕಮ್ಮ ಬಂದ ಕೆಲಸವನ್ನು ಒಂದು ಗಳಿಗೆ ಮರೆತಳು. ದೂರದ ದ್ವೀಪದ ಹೆಂಗಸೊಬ್ಬಳು ಕೂಲಿಗಳ ಹಡಗಿನ ಯಾದಿಯಲ್ಲಿ ತನ್ನ ಮುತ್ತಜ್ಜನನ್ನು ಕಂಡುಕೊಂಡಿದ್ದಳು. ಇನ್ಯಾರೋ ಒಬ್ಬ ತನ್ನೂರಿನ ಗೋರಿಗಳ ಮೇಲಿನ ಹೆಸರೆಲ್ಲ ಬರೆದುಕೊಂಡು ಬಂದು ಗುರುತಿಲ್ಲದವರಿಗೆ ಸುಮ್ಮನೆ ಹಂಚುತ್ತಿದ್ದ. ಅಂದರೆ ಹೆಳವರು ಜಗತ್ತಿಗೆಲ್ಲ ಇದ್ದಾರೆ. ಅಜ್ಜಿಗೆ ತೋರಿಸಬೇಕಿತ್ತು ಅಂದುಕೊಂಡಳು.

ಅಷ್ಟರಲ್ಲಿ ಅದೇ ತಾಣದಲ್ಲಿ ಅಮೋಘಪ್ಪನ ಹೊತ್ತಿಗೆಯ ಪುಟಗಳು ಒಂದೊಂದಾಗಿ ತೆರೆದುಕೊಂಡವು. ಪ್ರತಿ ಪುಟದ ಪಕ್ಕ ಹೊಸದಾಗಿ ಬರೆದ ಒಂದು ಚೀಟಿ. ಚೀಟಿಯಲ್ಲಿ ಬರೀ ಹೆಣ್ಣುಮಕ್ಕಳ ಹೆಸರು. ಮೊದಲ ಪುಟದ ಮೂಲೆಯಲ್ಲಿ ನಾಲ್ಕು ದುಂಡನೆ ಚುಕ್ಕೆ.

"ಏನಿವು?"

ಹಮೀದ್ ಬಗ್ಗಿ ನೋಡಿ ಹಣೆ ಬಡಿದುಕೊಂಡ. "ಅರೆ, ಜ್ವಾಳ! ಸೋಮವಾರ ಒಬ್ರು ಹೆಣ್ಮಗಳು ಬಂದಿದ್ರು. ಹೋದ ಮ್ಯಾಲ ನೋಡ್ತೀನಿ, ಗಾಜಿನ ಮ್ಯಾಲ ಜ್ವಾಳ, ಅರಿಶಿಣ! ಇದು ಸ್ಕ್ಯಾನರೋ ಗಿರಣಿಯೋ ಅಂತ ಬೈಕೊಂತ ಒರಸೀನಿ."

ಕದ್ದ ಹೊತ್ತಿಗೆಗೂ ಕಾಳು ಹಾಕಿ ತೆರೆದಿದ್ದಾಳೆ. ಹೆಳವ ಬರುವ ಮನೆಯಲ್ಲೇ ಹುಟ್ಟಿದವಳು. ಮಲ್ಕಮ್ಮ ಗಿರಾಕಿಗಳ ರಿಜಿಸ್ಟರ್ ತೆಗೆಸಿದಳು. ಮಾರ್ಚ್ ೧೨, ಹನ್ನೊಂದೂ ಹತ್ತು: ನೀಲಗಂಗಮ್ಮ, ಅಂಗನವಾಡಿ ಕಾರ್ಯಕರ್ತೆ, ಕಮಲಾಪುರ. ದುಂಡು ಅಕ್ಷರ. ಚೀಟಿಯಲ್ಲಿದ್ದದ್ದೂ ಅದೇ ಕೈಬರಹ.

ಮರುದಿನ ಬೆಳಿಗ್ಗೆ ಹತ್ತಕ್ಕೆ ದೇವೀಂದ್ರಪ್ಪ, ಮಲ್ಕಮ್ಮ ಪಂಚರೊಂದಿಗೆ ಹೋದಾಗ ನೀಲಗಂಗಮ್ಮ ಬಾಗಿಲಲ್ಲೇ ನಿಂತಿದ್ದಳು. ಐವತ್ತರ ಹೆಂಗಸು. "ಒಳಗ ಬರ್ರಿ. ದೇವರ ಜಗಲಿ ಮ್ಯಾಲ ಅದ," ಅಂದಳು.

ಹೊತ್ತಿಗೆ ಇಳಕಲ್ ಸೀರೆಯಲ್ಲಿ ಸುತ್ತಿತ್ತು. ಒಂದು ಹಾಳೆಯೂ ಮಾಸಿರಲಿಲ್ಲ. ಅದರ ಮೇಲೊಂದು ಗೆರೆಯನ್ನೂ ಅವಳು ಎಳೆದಿರಲಿಲ್ಲ. ಪಕ್ಕದ ಡಬ್ಬಿಯಲ್ಲಿ ಇನ್ನೂರ ಹನ್ನೊಂದು ಚೀಟಿ.

"ಚೀಟಿ ಯಾರು ಬರೆದದ್ದು?" ದೇವೀಂದ್ರಪ್ಪ ಕೇಳಿದರು.

"ನಾನೇ. ಮೂರು ವರ್ಷ, ಪೋಲಿಯೋ ಹನಿ ಹಾಕಾಕ ಮನಿಮನಿ ಹೋದಾಗ ಕೇಳ್ಕೊಂಡೀನಿ. ನಿಮ್ಮ ಮನಿಯಿಂದ ಕೊಟ್ಟ ಹೆಣ್ಮಕ್ಕಳು ಯಾರ‍್ಯಾರು ಅಂತ. ಒಂದಿಷ್ಟು ಮನಿಯಾಗ ಗಂಡಸರು ನೆನಪು ಮಾಡ್ಕೊಳ್ಳಾಕ ಹೆಂಡ್ತೀನ ಕರಿಬೇಕಾತು."

"ಹೊತ್ತಿಗಿ ಯಾಕ ಒಯ್ದಿ?"

"ನಮ್ಮಪ್ಪ ಸತ್ತ ಮ್ಯಾಲ ಈ ಅಜ್ಜ ಬಂದು ಓದಿದ. ಕಡೀಗೆ, ಇಲ್ಲಿಗೆ ಈ ಮನಿ ಮುಗೀತು ಅಂದ. ನಾನು ಎದುರಿಗೇ ಕುಂತಿದ್ದೆ ಸರ್. ಅಪ್ಪನ ಬಾಯಿಗೆ ಕಡೀ ನೀರು ಹಾಕಿದಾಕಿ ನಾನು. ನನ್ನ ಹೆಸರು ಬರಿ ಅಂದೆ. ಗಂಡ್ಮಕ್ಕಳ ಸಾಲು ಅಷ್ಟೇ ಅಂದ. ಕಂಪ್ಯೂಟರ್‌ನಾಗ ಮಗಳಿಗೂ ಖಾನೆ ಅದ, ಅದೂ ಫುಕಟ್."

"ಅಲ್ಲವ್ವ, ಕಳುವು ಮಾಡಿ ರಿಜಿಸ್ಟರ್‌ನಾಗ ಖರೇ ಹೆಸರು ಬರೆದೀಯಲ್ಲ?"

"ಹೆಸರಿನ ಸಲುವಾಗೇ ಇಷ್ಟೆಲ್ಲಾ ಮಾಡೀನಿ. ಸುಳ್ಳು ಹೆಸರು ಹೆಂಗ ಬರೀಲಿ?"

ದೇವೀಂದ್ರಪ್ಪ ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

ಮಲ್ಕಮ್ಮ ಜಪ್ತಿ ಪಂಚನಾಮೆಗೆ ಕೂತಳು. "ಸರ್, ಚೀಟಿ ಇನ್ನೂರ ಹನ್ನೊಂದು ಅಂತ ಬರೀಲೇನ್ರಿ, ಹೆಸರು ಸಮೇತ ಬರೀಲೇನ್ರಿ?"

"ಸಿಕ್ಕಿದ್ದೆಲ್ಲಾ ಬರಿ. ಒಂದೂ ಬಿಡಬ್ಯಾಡ."

ದುಂಡಮ್ಮ, ತಂದೆ ಭೀಮಶಾ ಎಂದು ಶುರುವಾದದ್ದು ಮಧ್ಯಾಹ್ನ ಎರಡರ ತನಕ ನಡೆಯಿತು. ಮಲ್ಕಮ್ಮನ ಬೆರಳು ನೊಂದವು. ಅಕ್ಷರ ಮಾತ್ರ ಕೆಡಲು ಬಿಡಲಿಲ್ಲ.

ಎರಡೂವರೆಗೆ ಬಂಧನ. ಕೋರ್ಟಿಗೆ ಹೊರಟ ಜೀಪು ಠಾಣೆಯ ಮುಂದೆ ಬಂದಾಗ ಅಮೋಘಪ್ಪ ಓಡಿ ಬಂದು ಅಡ್ಡ ನಿಂತ. ಪಂಚನಾಮೆಯ ಹೊತ್ತಿಗೆ ನೀಲಗಂಗಮ್ಮ ಆಡಿದ ಮಾತು ಅವನ ಕಿವಿಗೂ ಬಿದ್ದಿತ್ತು.

"ಸಾಹೇಬ್ರ, ಕೇಸು ಹಿಂದಕ್ಕ ತಗೊಳ್ತೀನಿ."

"ನನ್ನ ಕೈಯಾಗ ಇಲ್ಲ ಅಜ್ಜ. ಕೋರ್ಟಿನಾಗ ಹೇಳು, ಜಾಮೀನು ಆಗ್ತದ."

"ಹಂಗಾದ್ರ ಹೊತ್ತಿಗಿ ಒಂದ ಗಳಿಗಿ ಕೊಡ್ರಿ. ಒಂದು ಸಾಲು ಬರೀಬೇಕು."

"ಅದು ಜಪ್ತಿಯಾದ ಮುದ್ದೆಮಾಲು ಅದ. ಕೋರ್ಟು ಬಿಡೋ ತನಕ ಅದರಾಗ ಯಾರೂ ಏನೂ ಬರೆಯಂಗಿಲ್ಲ."

ಮುದುಕ ಗಂಟೆ ಬಾರಿಸಿದ. ಕಣ್ಣು ಮುಚ್ಚಿ, ತಡವರಿಸುತ್ತ, ಬಾಯಿಪಾಠವೇ ಶುರುಮಾಡಿದ. ನೀಲಗಂಗಮ್ಮನ ಮನೆಯ ಮೂಲಪುರುಷನಿಂದ ಹಿಡಿದು ಇವನ ಮಗ ಇವನು, ಇವನ ಮಗ ಇವನು. ಚಾಲಕ ಗೇರು ಹಾಕಿದ. ದೇವೀಂದ್ರಪ್ಪ ಕೈಯೆತ್ತಿದರು: "ತಡಿ."

"...ಅವನ ಮಗ ಕಾಶಿರಾಯ," ಅಂದ ಅಮೋಘಪ್ಪ. ಉಸಿರು ತೆಗೆದುಕೊಂಡ. "ಕಾಶಿರಾಯನ ಮಗಳು ನೀಲಗಂಗಮ್ಮ."

ಜೀಪಿನ ಕಂಬಿ ಹಿಡಿದು ಕೂತಿದ್ದ ಹೆಂಗಸು ಸೆರಗಿನ ಗಂಟು ಬಿಚ್ಚಿದಳು. ಅದರಲ್ಲಿ ಇನ್ನೂ ಒಂದಿಷ್ಟು ಜೋಳ ಉಳಿದಿತ್ತು. ಮಲ್ಕಮ್ಮ ಅದನ್ನು ಬೊಗಸೆಯಲ್ಲಿ ಹಿಡಿದು, ಕೆಳಗಿಳಿದು, ಮುದುಕನ ಚೀಲಕ್ಕೆ ಹಾಕಿದಳು.