ನೀಲಿ ಕಾರಿನ ಹೊಲಿಗೆ

“ಬೀರುವಿನ ಕೀ ಕೊಡಿ ಅತ್ತಿಗೆ!”

ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು ಚಿನ್ನಿ ಕೈ ಚಾಚಿದಳು. ಇಪ್ಪತ್ತೆರಡು ವರ್ಷದ ಹುಡುಗಿ, ಜೋರು ಮಾಡಿ ಅಭ್ಯಾಸವಿಲ್ಲ. ಧ್ವನಿ ನಡುವೆಯೇ ಒಡೆಯಿತು. ಬಚ್ಚಲಲ್ಲಿ ಗಡ್ಡ ಹೆರೆಯುತ್ತಿದ್ದ ಅಣ್ಣ ಅರ್ಧ ಮುಖದ ತುಂಬ ಸೋಪಿನ ನೊರೆ ಹೊತ್ತು ಓಡಿಬಂದ. ಅತ್ತಿಗೆ ಮಾತ್ರ ಗಡಿಬಿಡಿ ಮಾಡಲಿಲ್ಲ. ಹಾಲಿನ ಉರಿ ಸಣ್ಣ ಮಾಡಿ, ಕೈ ಒರೆಸಿಕೊಂಡು, ಸೊಂಟದ ಗೊಂಚಲಿನಿಂದ ಒಂದು ಕೀ ಬಿಡಿಸಿ ಅವಳ ಅಂಗೈಯಲ್ಲಿಟ್ಟಳು.

ಇಷ್ಟು ಸುಲಭವಾಗಿ ಕೊಟ್ಟುಬಿಟ್ಟಳೇ! ಚಿನ್ನಿಯ ಅನುಮಾನ ಇನ್ನಷ್ಟು ಬಲಿಯಿತು.

ಬೀರುವಿನೊಳಗೆ ತಗಡಿನ ಡಬ್ಬಿ. ಅದರಲ್ಲಿ ಅಮ್ಮನ ಸರ ಮಾರಿ ಬಂದ ದುಡ್ಡು. ಅಮ್ಮ ಕಣ್ಣು ಮುಚ್ಚುವ ಮುನ್ನ ಆ ಸರವನ್ನು ಸೊಸೆಯ ಕೈಗೆ ಕೊಟ್ಟು, “ಇದು ಚಿನ್ನಿಯದು, ನೀನೇ ಕಾಪಾಡು” ಅಂದಿದ್ದಳು. ಈಗ ಅದೇ ಸೊಸೆಯ ಎದುರಿಗೆ ಚಿನ್ನಿ ನೆಲದ ಮೇಲೆ ಕೂತು ಡಬ್ಬಿ ಬಿಚ್ಚಿ, ಕಟ್ಟು ಬಿಚ್ಚಿ, ಎಲ್ಲ ಇದೆಯೇ ಎಂದು ನೋಡತೊಡಗಿದಳು. ಅಣ್ಣ ನಾಚಿಕೆಯಿಂದ ಮುಖ ತಿರುಗಿಸಿದ.

“ಸರಿಯಾಗಿದೆಯಾ ಚಿನ್ನಿ?” ಅತ್ತಿಗೆ ಮೆಲ್ಲಗೆ ಕೇಳಿದಳು.

“ಇದೆ. ಸದ್ಯಕ್ಕೆ ಇದೆ!”

ಚಿನ್ನಿ ಫಿಸಿಯೋಥೆರಪಿ ಕಲಿತವಳು. ಏಳಲಾರದವರನ್ನು ಏಳಿಸುವುದು, ಮಡಚಲಾರದ ಮೊಣಕಾಲನ್ನು ಮಡಚಿಸುವುದು ಅವಳ ಕೆಲಸ. ಆರು ತಿಂಗಳಿಂದ ದುಡಿಯುತ್ತಿದ್ದ ಕ್ಲಿನಿಕ್ಕಿನ ದೊಡ್ಡ ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: “ಮನೆಮನೆಗೆ ಹೋಗಿ ನೋಡೋರು ಬೇಕು. ಮೆಷಿನ್ನು, ಮಡಚೋ ಮಂಚ ಹೊತ್ಕೊಂಡು ಬಸ್ಸಲ್ಲಿ ಹೋಗೋಕಾಗುತ್ತಾ? ಒಂದನೇ ತಾರೀಖಿನೊಳಗೆ ನಿನ್ನದೇ ಕಾರಿದ್ರೆ ಕೆಲಸ ಕಾಯಂ. ಇಲ್ಲಾಂದ್ರೆ ಕಾಯ್ತಾ ಇರೋರು ಬೇಕಾದಷ್ಟು ಜನ ಇದ್ದಾರೆ.” ಲೈಸೆನ್ಸ್ ಬಂದು ಮೂರೇ ತಿಂಗಳು. ಹೊಸ ಕಾರು ಕನಸಿನ ಮಾತು. ಆದರೂ ಅವಳು ನೋಟ್‌ಬುಕ್ಕಿನ ತುಂಬ ಬರೆದುಕೊಂಡಿದ್ದಳು... ಚಿಕ್ಕ ಇಂಜಿನ್, ಒಳ್ಳೆ ಮೈಲೇಜು, ಹೊಸ ಡ್ರೈವರಿಗೆ ಹೊರೆಯಾಗದ ಇನ್ಶೂರೆನ್ಸ್, ಯಾವ ಗ್ಯಾರೇಜಿನಲ್ಲೂ ಸಿಗುವ ಬಿಡಿಭಾಗ. ಅದರ ಕೆಳಗೆ, ಯಾರಿಗೂ ತೋರಿಸದ ಪುಟದಲ್ಲಿ, ಒಂದು ಪುಟ್ಟ ಕಾರಿನ ಚಿತ್ರ. ಅಜ್ಜಿಯ ಕಥೆಯಲ್ಲಿ ಮನಸ್ಸಿನಲ್ಲಿ ನೆನೆದ ಊರಿಗೆ ತಾನೇ ಓಡುವ ಕುದುರೆಯಿತ್ತಲ್ಲ, ಅದರ ಹಾಗೆ ಕಾರಿಗೂ ಅವಳು ಎರಡು ಕಿವಿ ಬರೆದಿದ್ದಳು.

ಬಸ್ ನಿಲ್ದಾಣದ ಹಿಂದೆ ಹಳೆಯ ಕಾರು ಮಾರುವ ಅಂಗಳ. ಅದರ ಯಜಮಾನನನ್ನು ಎಲ್ಲರೂ ‘ಹತ್ಸಾವ್ರದಣ್ಣ’ ಅನ್ನುತ್ತಿದ್ದರು. ಯಾವ ಕಾರು ಮುಟ್ಟಿದರೂ, “ಓಡಿರೋದು ಬರೀ ಹತ್ಸಾವ್ರ ಕಿಲೋಮೀಟರು! ಡಾಕ್ಟರ್ ಗಾಡಿ, ಭಾನುವಾರ ಮಾತ್ರ ಹೊರಗೆ ತೆಗೀತಿದ್ರು!” ಎನ್ನುವುದು ಅವನ ಮಂತ್ರ.

“ಊರಲ್ಲಿರೋ ಡಾಕ್ಟರುಗಳಿಗಿಂತ ಡಾಕ್ಟರ್ ಗಾಡಿಗಳೇ ಜಾಸ್ತಿ ಆದ್ವಲ್ಲಣ್ಣಾ!” ಎಂದು ಅಣ್ಣ ನಗೆಯಾಡಿದ್ದ.

ಅಲ್ಲಿಗೆ ಮೂರು ಸಲ ಹೋದರು. ಮೂರು ಸಲವೂ ಅತ್ತಿಗೆ, ಕರೆಯದಿದ್ದರೂ, ಜೊತೆಗೆ ಬಂದಳು. ಮೊದಲು ಕೆಂಪು ಕಾರು. ಅತ್ತಿಗೆ ಸೀಟಿನ ಮೇಲೆ ಕೈಯಾಡಿಸಿ, “ಬೇಡ” ಅಂದಳು. ಆಮೇಲೆ ಬಿಳಿಯದು. “ಇದೂ ಬೇಡ.” ಯಾಕೆ ಎಂದು ಕೇಳಿದರೆ ಸೆರಗು ಸರಿಮಾಡಿಕೊಂಡು ಹೊರಟೇಬಿಟ್ಟಳು. ಮೂರನೆಯ ಸಲ ಆಕಾಶನೀಲಿ ಬಣ್ಣದ ಕಾರು ಕಂಡಾಗ ಚಿನ್ನಿಯ ಎದೆ ಹಾರಿತು. ಕೆನೆಬಣ್ಣದ ಹೊಚ್ಚಹೊಸ ಸೀಟು, ಬೆಲೆಯೂ ಕೈಗೆಟುಕುವಂಥದ್ದು. ಅತ್ತಿಗೆಯ ಮುಖ ಬಿಳಿಚಿಕೊಂಡಿತು. “ಯಾವುದಾದ್ರೂ ತಗೋ ಚಿನ್ನಿ... ಇದು ಮಾತ್ರ ಬೇಡ.” ಆಗಲೇ ಚಿನ್ನಿ ಇನ್ನೊಂದು ಗಮನಿಸಿದ್ದು. ದಾರಿಹೋಕರನ್ನೂ ‘ಅಕ್ಕಾ, ಅಮ್ಮಾ’ ಎಂದು ಮೈಮೇಲೆ ಬೀಳುವ ಹತ್ಸಾವ್ರದಣ್ಣ ಅತ್ತಿಗೆಯ ಕಡೆ ಒಮ್ಮೆಯೂ ನೋಡಲಿಲ್ಲ. ಅತ್ತಿಗೆಯೂ ಅವನನ್ನು ನೋಡಲಿಲ್ಲ. ಅಪರಿಚಿತರು ಹೀಗಿರುತ್ತಾರೆಯೇ?

ಅದಾದ ಎರಡನೆಯ ದಿನ, ಬಸ್ಸಿನ ಕಿಟಕಿಯಿಂದ ಅವಳು ಕಣ್ಣಾರೆ ಕಂಡಳು. ಸೋಫಾ ಅಂಗಡಿಯಲ್ಲಿ ಕವರ್ ಹೊಲಿಯುತ್ತಿರಬೇಕಾದ ಅತ್ತಿಗೆ ಅದೇ ಅಂಗಳದಲ್ಲಿ, ಅದೇ ನೀಲಿ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದಾಳೆ! ಹತ್ಸಾವ್ರದಣ್ಣ ಬಾಗಿ ಏನೋ ಗುಟ್ಟು ಹೇಳುತ್ತಿದ್ದಾನೆ! ಚಿನ್ನಿಗೆ ತಟ್ಟನೆ ಹೊಳೆದದ್ದು ಅತ್ತಿಗೆಯ ತಮ್ಮ. ಅವನಿಗೂ ಮೊನ್ನೆ ತಾನೇ ಲೈಸೆನ್ಸ್ ಬಂದಿದೆ. ಅವನೂ ಕಾರು ಹುಡುಕುತ್ತಿದ್ದಾನೆ. ಅಯ್ಯೋ, ಎಲ್ಲ ಈಗ ಅರ್ಥವಾಯಿತು... ನನಗೆ ಬೇಡ ಬೇಡ ಅನ್ನುತ್ತ ತಮ್ಮನಿಗೆ ಎತ್ತಿಡುತ್ತಿದ್ದಾಳೆ! ಅಮ್ಮಾ, ನೀನು ಯಾರನ್ನು ನಂಬಿ ಹೋದೆ...

ಅದಕ್ಕೇ ಈ ಬೆಳಗಿನ ರಂಪ.

“ನಿಮ್ಮ ತಮ್ಮನಿಗೆ ಹೇಳಿಬಿಡಿ ಅತ್ತಿಗೆ,” ಡಬ್ಬಿಯನ್ನು ಎದೆಗವಚಿಕೊಂಡು ಚಿನ್ನಿ ಎದ್ದಳು. “ನೀಲಿ ಕಾರು ಇವತ್ತು ನನ್ನದಾಗುತ್ತೆ. ಸೋಫಾ ಅಂಗಡಿಗೆ ಅಂತ ಹೊರಟು ನೀವು ಎಲ್ಲಿ ಹೋಗ್ತೀರಿ, ಯಾರ ಹತ್ರ ಮಾತಾಡ್ತೀರಿ, ಎಲ್ಲಾ ನೋಡಿದ್ದೀನಿ!”

“ಚಿನ್ನೀ! ಬಾಯಿಗೆ ಬಂದಂಗೆ ಮಾತಾಡ್ಬೇಡ!” ಅಣ್ಣ ಗದರಿದ. ಆದರೆ ಅವನ ಕಣ್ಣೂ ಹೆಂಡತಿಯ ಕಡೆ ಹೊರಳಿತು. “ಎಲ್ಲಿಗೆ ಹೋಗಿದ್ದೆ ನೀನು?”

ಆ ಒಂದು ನೋಟಕ್ಕೆ ಅತ್ತಿಗೆ ಒಳಗೇ ಕುಸಿದುಹೋದಳು. “ಬರ್ತೀನಿ ನಡೀರಿ,” ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದಳು.

ಅಂಗಳದಲ್ಲಿ ಹತ್ಸಾವ್ರದಣ್ಣ ಕಾಗದಗಳನ್ನು ಬಾನೆಟ್ ಮೇಲೆ ಹರಡಿ ಪೆನ್ನು ಚಾಚಿದ. “ಅದೃಷ್ಟವಂತೆ ನೀನು! ಇಲ್ಲೊಂದು ಸಹಿ ಹಾಕಮ್ಮಾ.”

“ಐದು ನಿಮಿಷ ತಡಿ ಚಿನ್ನಿ.”

ಅತ್ತಿಗೆ ನೀಲಿ ಕಾರಿನ ಹಿಂಬಾಗಿಲು ತೆರೆದು ಒಳಗೆ ಮೊಣಕಾಲೂರಿದಳು. ಅವಳ ಕೈಯಲ್ಲಿ ದಾರ ಕತ್ತರಿಸುವ ಪುಟ್ಟ ಕತ್ತರಿಯಿತ್ತು. ಹತ್ಸಾವ್ರದಣ್ಣ “ಏಯ್!” ಎಂದು ಧಾವಿಸುವಷ್ಟರಲ್ಲಿ ಕೆನೆಬಣ್ಣದ ಹೊಲಿಗೆ ಚರಚರನೆ ಬಿಚ್ಚಿಕೊಂಡಿತು. ಅವಳು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಅಬ್ಬಾ, ಆ ವಾಸನೆ! ಒಳಗಿನ ಸ್ಪಂಜು ಕಪ್ಪಿಟ್ಟು ಕೊಳೆತಿತ್ತು. ಸೀಟಿನ ಬೆನ್ನಿನವರೆಗೂ ನೀರು ನಿಂತ ಕಂದು ಗೆರೆ. ಒಣಗಿದ ಕೆಸರು ಪುಡಿಪುಡಿಯಾಗಿ ಚಿನ್ನಿಯ ಕಾಲ ಬಳಿ ಉದುರಿತು.

“ನೆರೆಯಲ್ಲಿ ಮುಳುಗಿದ ಗಾಡಿ ಇದು,” ಅತ್ತಿಗೆ ಏದುಸಿರು ಬಿಡುತ್ತ ಹೇಳಿದಳು. “ಒಳಗಿನ ವೈರೆಲ್ಲ ಕೊಳೀತಾ ಇರುತ್ತೆ. ಇವತ್ತು ಓಡುತ್ತೆ, ನಾಳೆ ನಡುರಸ್ತೆಯಲ್ಲಿ, ಹಿಂದೆ ಲಾರಿ ಬರ್ತಿರುವಾಗ ನಿಲ್ಲುತ್ತೆ...”

“ಯಾರೋ ಹೇಳಿದ್ದನ್ನ ನಂಬಿ...” ಹತ್ಸಾವ್ರದಣ್ಣ ತೊದಲಿದ.

“ಯಾರೋ ಅಲ್ಲ. ನಾನೇ ಹೊಲಿದಿದ್ದು!”

ಹತ್ಸಾವ್ರದಣ್ಣನ ಮುಖದ ನಗು ಪೂರ್ತಿ ಕಳಚಿಬಿತ್ತು. “ಒಂದು ವರ್ಷದಿಂದ ನನ್ನ ಕೆಲಸ ಮಾಡಿ, ನನ್ನ ಗಿರಾಕಿ ಮುಂದೇನೇ ನನ್ನ ಮರ್ಯಾದೆ ಕಳೀತೀಯಾ? ಮೊನ್ನೇನೇ ಹೇಳಿದ್ದೆ, ಬಾಯಿ ಬಿಟ್ರೆ ಕೆಲಸ ಇಲ್ಲ ಅಂತ. ನಡಿ ಆಚೆ!”

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಮೂವರೂ ಕೂತರು. ಅಣ್ಣ ಹೆಂಡತಿಯ ಕಡೆ ತಿರುಗಿದ. “ಒಂದು ವರ್ಷ! ನನ್ನ ಹತ್ರಾನೂ ಸೋಫಾ ಅಂದೆಯಲ್ಲ...”

“ಪ್ರೆಸ್ಸಿನಲ್ಲಿ ನಿಮ್ಮ ಪಾಳಿ ಅರ್ಧ ಮಾಡಿದಾಗ ಸೋಫಾ ಅಂಗಡೀನೂ ಮುಚ್ತು ರೀ. ಮನೆ ನಡೀಬೇಕಿತ್ತಲ್ಲ? ಸೀಟು ಹೊಲಿದುಕೊಡು, ಯಾರಿಗೂ ಹೇಳ್ಬೇಡ ಅಂದ ಈ ಹತ್ಸಾವ್ರದಣ್ಣ. ಹೂಂ ಅಂದೆ. ಈ ಕಾರನ್ನ ಇವಳಿಗೆ ಕೊಡ್ಬೇಡಪ್ಪಾ ಅಂತ ಬೇಡ್ಕೊಳ್ಳೋಕೆ ಮೊನ್ನೆ ಹೋಗಿದ್ದು... ನನ್ನ ತಮ್ಮನಿಗೋಸ್ಕರ ಅಲ್ಲ ಚಿನ್ನಿ.”

ಚಿನ್ನಿ ಅವಳ ಮಡಿಲಿಗೆ ತಲೆಯಿಟ್ಟು ಬಿಕ್ಕಿದಳು. “ನಾನು ಪಾಪಿ ಅತ್ತಿಗೆ! ನಿಮ್ಮೆದುರೇ ಡಬ್ಬಿ ಬಿಚ್ಚಿ ನೋಡಿದೆನಲ್ಲ...” ಅಳುತ್ತಳುತ್ತಲೇ ಅವಳಿಗೆ ಒಳಗೊಳಗೆ ಇನ್ನೊಂದು ಅನುಮಾನ ಮೊಳೆಯಿತು. ಬೇಡವೆಂದರೂ ಅದು ನಾಲಿಗೆಗೆ ಬಂತು. ತಲೆಯೆತ್ತಿ ಕೇಳಿದಳು: “ಇಂಥವು ಎಷ್ಟು ಹೊಲಿದಿರಿ ಅತ್ತಿಗೆ?”

ಅತ್ತಿಗೆ ರಸ್ತೆಯನ್ನೇ ನೋಡುತ್ತಿದ್ದಳು. “ಆ ಕೆಂಪು, ಬಿಳಿ ಗಾಡಿಗಳು ಸವೆದುಹೋಗಿದ್ದವು ಅಷ್ಟೇ. ನೀರು ಕುಡಿದವು ನಾಲ್ಕು. ಮೂರು ಆಗಲೇ ಮಾರಿದ್ದಾನೆ. ಬೇರೆಯವರ ಮಕ್ಕಳಿಗೆ ಹೊಲಿಯೋವಾಗ ನನ್ನ ಕೈ ನಡುಗಲಿಲ್ಲ ನೋಡು...” ಸೆರಗಿನಿಂದ ಮುಖ ಒರೆಸಿಕೊಂಡು ಸೇರಿಸಿದಳು. “ಒಂದು ಮನೆ ಗೊತ್ತು. ಹೊಲಿಗೆ ಬಿಟ್ಟಿದೆ ಅಂತ ಸರಿಮಾಡೋಕೆ ಕಳಿಸಿದ್ದ. ಆ ಹೆಂಗಸು ನನ್ನ ಕೂರಿಸಿ ಚಹಾ ಕೊಟ್ಟಳು.”

ಮಾರನೆಯ ವಾರ ಸಿಕ್ಕಿದ್ದು ನಿವೃತ್ತ ನರ್ಸಮ್ಮನೊಬ್ಬರ ಬೂದುಬಣ್ಣದ ಕಾರು. ಸೀಟು ಹರಿದಿತ್ತು, ಎಡಗಡೆಯ ಕಿಟಕಿ ಪೂರ್ತಿ ಇಳಿಯುತ್ತಿರಲಿಲ್ಲ. ಅತ್ತಿಗೆ ಒಂದು ಗಂಟೆ ಅದನ್ನು ಬಿಡಲಿಲ್ಲ. ನೆಲಹಾಸು ಎತ್ತಿ ಮುಟ್ಟಿದಳು, ಡಿಕ್ಕಿಯೊಳಗೆ ತಲೆ ತೂರಿಸಿ ಮೂಸಿದಳು, ಸೀಟ್ ಬೆಲ್ಟನ್ನು ತುದಿಯವರೆಗೂ ಎಳೆದು ಕೆಸರಿನ ಗುರುತು ಹುಡುಕಿದಳು.

“ನಿಮ್ಮತ್ತಿಗೆ ಸಿ.ಐ.ಡಿ.ನಾ?” ನರ್ಸಮ್ಮ ನಕ್ಕರು. “ಹೇಳಿಬಿಡ್ತೀನಮ್ಮಾ, ಓಡಿರೋದು ಎಂಬತ್ತು ಸಾವಿರ. ಒಂದು ಕಿಲೋಮೀಟರೂ ಕಮ್ಮಿ ಇಲ್ಲ.”

“ತಗೋ ಚಿನ್ನಿ,” ಅಂದಳು ಅತ್ತಿಗೆ.

ಒಂದನೇ ತಾರೀಖಿಗೆ ಎರಡು ದಿನ ಇರುವಾಗ, ಭಾನುವಾರದ ಹಗಲು, ಚಿನ್ನಿ ಆ ಕಾರನ್ನು ಮೊದಲ ಸಲ ಬೀದಿಗಿಳಿಸಿದಳು. ಎರಡು ತಿರುವಿನಲ್ಲಿ ಗಾಡಿ ಆಫ್ ಆಯಿತು, ಹಿಂದಿನವರು ಹಾರ್ನ್ ಹೊಡೆದರು. ಪಕ್ಕದಲ್ಲಿ ಅತ್ತಿಗೆ, “ಎಡಕ್ಕೆ... ಇನ್ನೂ ಮುಂದೆ...” ಎಂದು ದಾರಿ ಹೇಳುತ್ತಿದ್ದಳು. ಹಸಿರು ಗೇಟಿನ ಒಂದು ಮನೆಯ ಮುಂದೆ ನಿಲ್ಲಿಸಿದರು. ಗೇಟಿನೊಳಗೆ ಹಳದಿ ಕಾರು. ಒಳಗೆ ಕೆನೆಬಣ್ಣದ ಸೀಟು. ಪುಟ್ಟ ಹುಡುಗಿಯೊಬ್ಬಳು ಹಿಂದಿನ ಸೀಟಿನಲ್ಲಿ ಬೊಂಬೆ ಮಲಗಿಸಿಕೊಂಡು ಆಡುತ್ತಿದ್ದಳು.

“ಪೊಲೀಸಿಗೆ ಹೇಳ್ತಾರೇನೋ ಚಿನ್ನಿ...”

ಚಿನ್ನಿ ಹ್ಯಾಂಡ್‌ಬ್ರೇಕ್ ಎಳೆದಳು. “ಹೇಳಬಹುದು ಅತ್ತಿಗೆ. ನಾನೂ ಬರ್ಲಾ?”

“ಬೇಡ. ಹೊಲಿದಿದ್ದು ನಾನು.”

ಅತ್ತಿಗೆ ಇಳಿದು, ಸೆರಗು ಹೊದ್ದು, ಗೇಟು ತೆರೆದು ಬೆಲ್ ಒತ್ತಿದಳು. ಬಾಗಿಲು ತೆರೆದ ಹೆಂಗಸಿನ ಮುಖ ಅರಳಿತು. “ಓ, ನೀವಾ! ಬನ್ನಿ ಬನ್ನಿ, ಒಳಗೆ ಬನ್ನಿ!” ಎಂಬುದು ರಸ್ತೆಗೂ ಕೇಳಿಸಿತು. ಅತ್ತಿಗೆ ಒಳಗೆ ಹೋಗಲಿಲ್ಲ. ಹೊಸ್ತಿಲ ಆಚೆಯೇ ನಿಂತು, ತಲೆ ತಗ್ಗಿಸಿ, ಏನೋ ಹೇಳತೊಡಗಿದಳು. ಮಾತು ಕೇಳಿಸದಿದ್ದರೂ ಆ ಹೆಂಗಸಿನ ಮುಖದಲ್ಲಿ ಚಿನ್ನಿಗೆ ಎಲ್ಲವೂ ಕಾಣುತ್ತಿತ್ತು. ನಗು ಮೊದಲು ನಿಂತಿತು, ಆಮೇಲೆ ಮಾಸಿತು. ಮರುಗಳಿಗೆ ಅವಳು ಅತ್ತಿಗೆಯನ್ನು ಪಕ್ಕಕ್ಕೆ ತಳ್ಳಿ, ಬರಿಗಾಲಲ್ಲೇ ಓಡಿಬಂದು, ಹಳದಿ ಕಾರಿನ ಬಾಗಿಲು ಕಿತ್ತೆಸೆಯುವಂತೆ ತೆಗೆದು ಮಗುವನ್ನು ಬಾಚಿ ಎತ್ತಿಕೊಂಡಳು.

“ಇಷ್ಟು ದಿನ ಬೇಕಾಯ್ತಾ ನಿಮಗೆ ಬಂದು ಹೇಳೋಕೆ?” ಅವಳ ಕಿರುಚಾಟಕ್ಕೆ ಅಕ್ಕಪಕ್ಕದ ಕಿಟಕಿಗಳು ತೆರೆದುಕೊಂಡವು. “ಇಷ್ಟು ದಿನ ಬೇಕಾಯ್ತಾ?”

ಅತ್ತಿಗೆ ಕದಲಲಿಲ್ಲ, ಕೈಮುಗಿದುಕೊಂಡು ನಿಂತೇ ಇದ್ದಳು. ಚಿನ್ನಿ ಇಂಜಿನ್ ಆರಿಸಿ, ಕಾರಿನಿಂದಿಳಿದು, ಹೋಗಿ ಅವಳ ಪಕ್ಕದಲ್ಲಿ ನಿಂತಳು.