ಗಾಳೆಪ್ಪ ಅಂದ್ರ ಓ ಅಂದಾಂವ

"ಹೆಸರು ಹಿಡಿದು ಮಾತ್ರ ಕರೀಬ್ಯಾಡಪಾ," ಅಂದಳು ಕರಿಯವ್ವ. "ಹರ್ತಿಯಾಂವ ಅನ್ನು, ಇಲ್ಲಾ ದೇವವ್ವನ ಗಂಡ ಅನ್ನು. ನಮ್ಮ ಓಣ್ಯಾಗ ಎಲ್ಲಾರೂ ಹಂಗ ಅಂತೀವಿ."

ಹಮ್ಮಿಗಿಯ ಹೊಳೆಯ ಕಡೆಯ ಓಣಿ ಶುರುವಾಗುವಲ್ಲಿ, ಬೇವಿನ ಕಟ್ಟೆಯ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದ ಮುದುಕಿ ಆಕೆ. ಗಾಳೆಪ್ಪನ ಮನೆ ಯಾವುದು ಅಂತ ಕೇಳಿದ್ದಕ್ಕೆ ಬೆರಳು ತೋರಿಸಿದ್ದರೆ ಸಾಕಿತ್ತು. ಹುಲಗಪ್ಪನಿಗೆ ನಗು ತಡೆಯಲಾಗಲಿಲ್ಲ.

"ಕರದ್ರ ಏನಾಕ್ಕೈತಿ?"

"ಮೂರು ಸಲ ಕರದ್ರ ಓ ಅಂತಾನ."

"ಕರದ್ರ ಓ ಅನ್ನಬೇಕಲ್ಲಬೇ. ಮತ್ತೇನ ಅಂದಾನು?"

ಮುದುಕಿಯ ಕೈ ನಿಂತಿತು. "ಒಳಗಿನಾಂವ ಅಲ್ಲೋ ತಮ್ಮಾ. ಹೊರಗಿನಾಂವ ಓ ಅಂತಾನ. ಕರದವರ ಬೆನ್ನ ಹತ್ತಿ ಹೋಕ್ಕಾನ."

ಹುಲಗಪ್ಪ ಗದಗಿನ ಹತ್ತಿ ಬಿಡಿಸುವ ಜಿನ್ನಿನಲ್ಲಿ ಫಿಟ್ಟರ್. ಬೆಲ್ಟು ಹರಿದರೆ ಹೊಲಿ, ಗಾಲಿ ಕಿರುಗುಟ್ಟಿದರೆ ಎಣ್ಣೆ ಬಿಡು. ಕೆಟ್ಟದ್ದಕ್ಕೆಲ್ಲ ಒಂದು ಕಾರಣ ಇದ್ದೇ ಇರುತ್ತದೆ, ಕೈಯಿಟ್ಟು ಹುಡುಕಿದರೆ ಸಿಕ್ಕೇ ಸಿಗುತ್ತದೆ ಅನ್ನುವ ಆಸಾಮಿ. ಅದೂ ಆ ಹೆಸರು ಯಾರದು? ಅವನ ಒಡಹುಟ್ಟಿದ ಅಣ್ಣನದು. ನಾಲಿಗೆ ತಿರುಗಿದಾಗಿನಿಂದ ಕರೆದ ಹೆಸರು. ಅದನ್ನು ಕರೆಯಬೇಡ ಅನ್ನಲಿಕ್ಕೆ ಈ ಮುದುಕಿ ಯಾರು?

ಸ್ವಾತಂತ್ರ್ಯ ಬಂದ ಮೊದಲ ಚಳಿಗಾಲ ಗಾಳೆಪ್ಪ ಮನೆ ಬಿಟ್ಟು ಮುಂಡರಗಿಯ ಹೋರಾಟಗಾರರ ಶಿಬಿರ ಸೇರಿದ್ದ. ಗಡಿಯಾಚೆ ನಿಜಾಮನ ಸೀಮೆಯಲ್ಲಿ ಊರುಗಳು ಉರಿಯುತ್ತಿದ್ದ ಕಾಲ ಅದು. ಹೋದವನು ಹರ್ತಿಗೆ ಮತ್ತೆ ಬರಲಿಲ್ಲ. ನಿಜಾಮನ ಆಳಿಕೆ ಹೋಯಿತು, ಗಡಿಯೂ ಹೋಯಿತು, ಈ ನವೆಂಬರಿನಲ್ಲಿ ಕನ್ನಡನಾಡು ಒಂದಾಯಿತು ಅಂತ ಗದಗಿನ ಪೇಟೆಯಲ್ಲಿ ಪೇಢೆ ಹಂಚಿದರು. ಅವನ ಖಬರು ಮಾತ್ರ ಇಲ್ಲ. ಹಿರಿಯರ ಹಬ್ಬದಲ್ಲಿ ಸತ್ತವರ ಹೆಸರು ಹೇಳಿ ಎಡೆ ಇಡುವಾಗ ತಾಯಿ ಹನಮವ್ವ ಗಾಳೆಪ್ಪನ ಹೆಸರಿಗೆ ಇಡಗೊಡುತ್ತಿರಲಿಲ್ಲ. ಬದುಕಿದ್ದವನಿಗೆ ಎಡೆ ಇಟ್ಟರೆ ಆಯುಷ್ಯ ತೀರುತ್ತದೆ ಅನ್ನೋಳು. ಒಂಬತ್ತು ವರ್ಷ ಅದೇ ಹಟ. ಈಗ ಆಕೆಯ ಕಣ್ಣು ಹೋಗಿದ್ದವು, ಹತ್ತು ದಿನದಿಂದ ಗಂಜಿಯೂ ಗಂಟಲಲ್ಲಿ ಇಳಿದಿರಲಿಲ್ಲ. ಅಷ್ಟರಲ್ಲಿ ಬಳೆಗಾರನೊಬ್ಬ ಬಂದು, ಹಮ್ಮಿಗಿಯಲ್ಲಿ ಹರ್ತಿಯ ಗಾಳೆಪ್ಪ ಅನ್ನುವವ ಸಂಸಾರ ಹೂಡಿದ್ದಾನೆ ಅಂದ. "ನನ್ನ ಕೂಸನ್ನ ಒಮ್ಮಿ ತಂದು ಮುಟ್ಟಸೋ ಹುಲಗ್ಯಾ, ಆಮ್ಯಾಲ ಹೋಕ್ಕೀನಿ," ಅಂದಿದ್ದಳು ತಾಯಿ. ಇನ್ನೊಂದು ದಿನ ತಡೆದರೂ ಮುದುಕಿ ಕೈಗೆ ಸಿಗುವ ಹಾಗಿರಲಿಲ್ಲ.

ಮಟಮಟ ಮಧ್ಯಾಹ್ನ. ಮಣ್ಣಿನ ಮಾಳಿಗೆಮನೆಯ ಬಾಗಿಲು ಮುಚ್ಚಿತ್ತು. ಹುಲಗಪ್ಪ ಅಂಗಳದಲ್ಲಿ ನಿಂತು ಕೂಗಿದ. "ಗಾಳೆಪ್ಪಾ."

ಒಳಗೆ ಪಾತ್ರೆ ಬಿದ್ದ ಸಪ್ಪಳ.

"ಏ ಗಾಳೆಪ್ಪಾ."

ಬಾಗಿಲು ತೆರೆದು ಹೆಂಗಸೊಬ್ಬಳು ಓಡಿ ಬಂದಳು. ದೇವವ್ವ. ಬೇಡ ಬೇಡ ಅಂತ ಎರಡೂ ಕೈಯಾಡಿಸಿದಳು. ಹುಲಗಪ್ಪನಿಗೆ ಇನ್ನಷ್ಟು ಹುಡುಗಾಟ ಬಂತು. ಸಣ್ಣವನಿದ್ದಾಗ ಕರೆಯುತ್ತಿದ್ದ ಹಾಗೆ ರಾಗ ಎಳೆದ. "ಗಾಳೆಪ್ಪಣ್ಣಾ."

"ಓ."

ಬಂದದ್ದು ಮನೆಯೊಳಗಿನಿಂದ ಅಲ್ಲ. ಬೆನ್ನ ಹಿಂದಿನಿಂದ.

ಬೇವಿನ ಮರದ ಕಾಗೆಗಳು ಸುಮ್ಮನಾದವು. ಊರ ಸುತ್ತಲಿನ ಹೊಲಗಳಲ್ಲಿ ಜೋಳ ಇನ್ನೂ ಮೊಣಕಾಲುದ್ದ. ಆದರೆ ಹಾಲುಗಾಳು ತುಂಬಿದ ದಂಟು ಮುರಿದಾಗ ಬರುವ ಹಸಿ ವಾಸನೆ ಓಣಿಯ ತುಂಬ ಎದ್ದಿತು. ಅದರೊಳಗೆ ಬಂದೂಕಿನ ಮದ್ದು ಸುಟ್ಟ ನಾತ. ರಕ್ತದ ನಾತ. ಹುಲಗಪ್ಪ ತಿರುಗಿದ. ಓಣಿ ಖಾಲಿ. ಬಿಸಿಲು ಒಂದೇ. ಕಿವಿಯ ಹತ್ತಿರ, ತೀರಾ ಹತ್ತಿರ, ಒಣಗಿದ ಬಾಯಿಯ ಮಾತು ಕೇಳಿಸಿತು.

"ಹುಲಗ್ಯಾ. ನೀರು ಕೊಡೋ."

ಅಣ್ಣನ ದನಿ. ಎಷ್ಟು ವರ್ಷವಾದರೇನು, ಅದನ್ನು ಮರೆಯಲಾದೀತೆ? ದೇವವ್ವ ಹುಲಗಪ್ಪನ ರಟ್ಟೆ ಹಿಡಿದು ಒಳಗೆಳೆದು ಅಗಳಿ ಹಾಕಿದಳು.

ಹೊರಗಿನ ಬಿಸಿಲಿನಿಂದ ಬಂದವನಿಗೆ ಒಳಗೆ ಏನೂ ಕಾಣಲಿಲ್ಲ. ಲೋಬಾನದ ಹೊಗೆ, ಹಳೆಯ ಕಂಬಳಿಯ ಕಮಟು. ಬರಬರುತ್ತ ಬೆಳಕಿಂಡಿಯ ಬೆಳಕಿನಲ್ಲಿ, ಗೋಡೆಗೆ ಬೆನ್ನು ಕೊಟ್ಟು ಕೂತ ಗಂಡಸು ಕಂಡ. ಉದ್ದ ಮುಖ, ಒಳಗೆ ಹೋದ ಕಣ್ಣು. ಅವನು ಅಣ್ಣನಲ್ಲ.

"ಯಾರಲೇ ನೀ?"

"ಒಂದಿಲ್ಲೊಂದು ದಿನಾ ಯಾರರೆ ಬರತೀರಿ ಅಂತ ಗೊತ್ತಿತ್ರಿ," ಅಂದ ಅವನು.

ಗಡಿಯಾಚೆಯ ಊರು ಅವನದು. ಹೊಲದ ಜಗಳದಲ್ಲಿ ದಾಯಾದಿಗಳು ಮಾಟ ಮಾಡಿಸಿದ್ದರು. ಹೊಸ್ತಿಲ ಕೆಳಗೆ ಮೂರು ಹಿಟ್ಟಿನ ಗೊಂಬೆ ಸಿಕ್ಕವು, ಮೂರರ ಎದೆಗೂ ಜಾಲಿಮುಳ್ಳು ಚುಚ್ಚಿತ್ತು. ಅಪ್ಪ ರಕ್ತ ಕೆಮ್ಮಿ ಸತ್ತ, ಅಣ್ಣ ಸತ್ತ. ಉಳಿದದ್ದು ಇವನ ಗೊಂಬೆ. ಕೆಮ್ಮು ಶುರುವಾದಾಗ ಲಕ್ಷ್ಮೇಶ್ವರದ ಕಡೆಯ ಮಂತ್ರವಾದಿಯೊಬ್ಬನ ಕಾಲು ಹಿಡಿದ. ಮಾಟಕ್ಕೆ ಮುಖ ಗೊತ್ತಿಲ್ಲ ಅಂದ ಮಂತ್ರವಾದಿ. ಅದಕ್ಕೆ ಬೇಕಾದ್ದು ಮನುಷ್ಯನ ಹೆಸರು, ತಾಯಿಯ ಹೆಸರು. ಸತ್ತವನೊಬ್ಬನ ಹೆಸರು ತೊಟ್ಟುಕೋ, ಅವನ ತಾಯಿಯನ್ನೇ ತಾಯಿ ಅನ್ನು. ಮಾಟ ಬಂದು ಹೆಣ ನೋಡಿ ಸುಮ್ಮನಾಗುತ್ತದೆ. ನಿನ್ನ ಸ್ವಂತ ಹೆಸರು ಮಾತ್ರ ಬಾಯಿಂದ ಬಂತೋ, ಅವತ್ತೇ ನಿನ್ನ ಕಡೆಯ ದಿನ.

ಆಮೇಲೆ ಸೇರಿದ ಶಿಬಿರದಲ್ಲಿ ಗಾಳೆಪ್ಪನೂ ಇವನೂ ಒಂದೇ ಕಂಬಳಿ ಹೊದ್ದು ಮಲಗಿದವರು. ಒಂದು ನಸುಕಿನಲ್ಲಿ ಗಡಿಯ ಜೋಳದ ಹೊಲದಲ್ಲಿ ಗಾಳೆಪ್ಪನಿಗೆ ಗುಂಡು ಬಿತ್ತು.

"ನೀರು ಕೇಳಿದಾ," ಅಂದ ಅವನು. "ಹಳ್ಳ ನೂರು ಮಾರು ದೂರಿತ್ತು. ನಾ ಹೋಗಲಿಲ್ರಿ. ಸತ್ರ ಹೆಸರು ಸಿಗತೈತಿ ಅಂತ ಕುಂತಿದ್ನಿ. ಜೀವ ಹೋಗೂತನಾ ಸುಮ್ಮನ ಕುಂತ ನೋಡಿದ್ನಿ."

ದೇವವ್ವ ಒಲೆಯ ಕಡೆ ಮುಖ ತಿರುವಿದಳು. ಆರು ವರ್ಷದ ಸಂಸಾರದಲ್ಲಿ ಆಕೆಯೂ ಇದನ್ನು ಇವತ್ತೇ ಕೇಳಿದ್ದು.

ಹುಲಗಪ್ಪ ಎದ್ದು ಅವನ ಕುತ್ತಿಗೆ ಹಿಡಿದ. ಅವನು ಕೈಯನ್ನೂ ಎತ್ತಲಿಲ್ಲ. ಆಗ ಹುಲಗಪ್ಪನಿಗೆ ತಾಯಿ ನೆನಪಾದಳು, ತಂದು ಮುಟ್ಟಿಸು ಅಂದ ಆ ಮಾತು ನೆನಪಾಯಿತು. ಅಣ್ಣ ಸತ್ತ ಅಂತ ಯಾವ ಬಾಯಿಂದ ಹೇಳುವುದು? ಕೈ ಸಡಿಲಿತು.

"ಆಕಿಗೆ ಕಣ್ಣಿಲ್ಲ," ಅಂದ. "ಒಂದು ದಿನಾ ಗಾಳೆಪ್ಪ ಆಗಿ ಆಕಿ ಮುಂದ ಕುಂಡ್ರು. ಆಕಿ ಸಮಾಧಾನಲೆ ಹೋಗಲಿ. ಆಮ್ಯಾಲ ನಿನ್ನ ಹಾದಿ ನಿನಗ."

ದೇವವ್ವ ಬಾಗಿಲಿಗೆ ಅಡ್ಡ ನಿಂತಳು. "ಕರಕೊಂಡ ಹೋಗ್ರಿ ಅಣ್ಣಾರ. ಆದ್ರ ಹೊಳ್ಳಿ ತಂದು ಬಿಡತೀನಿ ಅಂತ ಆಣಿ ಮಾಡ್ರಿ. ನನಗ ಮತ್ಯಾರೂ ಇಲ್ಲ."

ಹುಲಗಪ್ಪ ತಾಯಿಯ ಮೇಲೆ ಆಣೆ ಮಾಡಿದ.

ಮುಂಡರಗಿಯಲ್ಲಿ ಬಸ್ಸು ಹತ್ತುವ ಮೊದಲು ಇಬ್ಬರೂ ಬಾವಿಗೆ ಹೋದರು. ಹುಲಗಪ್ಪ ಬೊಗಸೆ ತುಂಬಿಕೊಂಡ. ಬಾಯಿಗೆ ತರುವುದರೊಳಗೆ ಬೊಗಸೆ ಒಣಗಿತ್ತು. ಮತ್ತೆ ತುಂಬಿದ, ಮತ್ತೆ ಒಣಗಿತು. ಬೆರಳ ಸಂದಿಯಲ್ಲಿ ಒಂದು ಹನಿಯೂ ಇಲ್ಲ. ಜೊತೆಗಿದ್ದವನು ಮೆಲ್ಲಗೆ ಅಂದ, "ಮೊದಲ ಒಂದು ಬೊಗಸಿ ನೆಲಕ್ಕ ಬಿಡ್ರಿ, ಅಂವಗ. ನಾ ಒಂಬತ್ತು ವರ್ಷ ಹಿಂಗ ಕುಡದೀನಿ." ನೆಲಕ್ಕೆ ಬಿಟ್ಟ ನೀರು ಮಣ್ಣಿಗೆ ತಾಗುವ ಮೊದಲೇ ಮಾಯವಾಯಿತು. ಹುಲಗಪ್ಪ ಅಲ್ಲೇ ಕೂತು ಅತ್ತ. ಸತ್ತ ಅಣ್ಣನ ಭಯಕ್ಕಲ್ಲ; ಸತ್ತ ಮೇಲೂ ಇಷ್ಟು ನೀರಡಿಕೆ ಉಳಿದದ್ದಕ್ಕೆ.

ಹರ್ತಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಹನಮವ್ವ ಪಡಸಾಲೆಯಲ್ಲಿ ಕೌದಿಯ ಮೇಲೆ ಮಲಗಿದ್ದಳು, ತಲೆದೆಸೆಗೆ ಒಂದು ಹಣತೆ. "ಯವ್ವಾ, ಗಾಳ್ಯಾನ್ನ ತಂದೀನಿ," ಅಂದ ಹುಲಗಪ್ಪ. ಅವನನ್ನು ಹತ್ತಿರ ಕೂಡಿಸಿದ. ತಾಯಿಯ ಕೈ ಆ ತಲೆಯ ಮೇಲೆ ಹೋಯಿತು. ಹಣೆಗೆ ಬಂತು. ಕಿವಿ. ಗಲ್ಲ. ನಿಂತಿತು.

"ಈ ಕೂಸು ಯಾರದೋ?"

"ಗಾಳ್ಯಾನಬೇ."

"ಗಾಳ್ಯಾ ಹೊರಗ ನಿಂತಾನಲ್ಲೋ. ಯಾಕ ಹೊರಗ ಬಿಟ್ರಿ?" ಆಕೆ ಬಾಗಿಲ ಕಡೆ ಮುಖ ಮಾಡಿದಳು. "ಬಾರೋ ನನ್ನಪ್ಪಾ. ಒಳಗ ಬಾ."

ಹಣತೆ ಸಣ್ಣಗಾಯಿತು. ಜೋಳದ ದಂಟಿನ ವಾಸನೆ. ಹಸಿ ರಕ್ತ. ನೆಲದ ಮೇಲೆ ಹೆಜ್ಜೆ, ಎಳೆದು ಎಳೆದು ಇಟ್ಟ ಹೆಜ್ಜೆ. ಹುಲಗಪ್ಪ ಗೋಡೆಗೆ ಒತ್ತಿಕೊಂಡ. ತಾಯಿ ತಂಬಿಗೆ ಎತ್ತಿ ಗಾಳಿಯಲ್ಲಿ ಹಿಡಿದಳು. ಗಟಗಟ ಸಪ್ಪಳ. ಒಂದು ತಂಬಿಗೆ ಮುಗಿಯಿತು. ಆಕೆ ಕೊಡದಿಂದ ತುಂಬಿ ಮತ್ತೆ ಹಿಡಿದಳು. ಅದೂ ಮುಗಿಯಿತು. "ಕುಡಿ," ಅನ್ನುತ್ತಿದ್ದಳು, "ಸಾವಕಾಶ ಕುಡಿಯಪಾ." ಕುರುಡು ಕಣ್ಣಿಂದ ನೀರು ಇಳಿಯುತ್ತಿತ್ತು. ಮಗ ಸತ್ತದ್ದು ಆಕೆಗೆ ಯಾರೂ ಹೇಳಬೇಕಾಗಿರಲಿಲ್ಲ.

"ಇನ್ನ ಹೋಗು," ಅಂದಳು.

ಹೆಜ್ಜೆ ಬಾಗಿಲತನಕ ಹೋಯಿತು. ಹೊಸ್ತಿಲಲ್ಲಿ ನಿಂತಿತು. ದಾಟಲಿಲ್ಲ. ಅಲ್ಲೇ ನಿಂತು ನರಳತೊಡಗಿತು.

ಹನಮವ್ವ ಪಕ್ಕದಲ್ಲಿದ್ದವನ ಕೈ ಹಿಡಿದಳು. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಅಂಗಳದಲ್ಲಿ ಆಡುವ ಪರರ ಕೂಸನ್ನು ಮಾತಾಡಿಸಿದ ಹಾಗೆ ಕೇಳಿದಳು. "ನನ್ನ ಮಗನ ಹೆಸರು ನಿನ್ನ ಹಂತೇಕ ಐತೇನಪಾ? ಕೊಟ್ಟು ಬಿಡು, ಹೆಸರಿಲ್ದ ಅಂವ ಹೆಂಗ ಹೋಗಬೇಕು? ನಿಮ್ಮವ್ವ ನಿನಗೇನಂತ ಹೆಸರಿಟ್ಟಿದ್ಲು? ಹೇಳು."

ಮಾಟದ ಮಾತು ಆಕೆಗೆ ಗೊತ್ತಿರಲಿಲ್ಲ. ಹುಲಗಪ್ಪನಿಗೆ ಗೊತ್ತಿತ್ತು. ಕೂತವನು ತಲೆಯೆತ್ತಿ ಹುಲಗಪ್ಪನ ಮುಖ ನೋಡಿದ. ಹೂಂ ಅನ್ನಲೋ, ಉಹೂಂ ಅನ್ನಲೋ ಅಂತ ಕೇಳುವ ನೋಟ. ಬೇಡ ಅಂತ ಒಂದು ಮಾತು ಸಾಕಿತ್ತು. ದೇವವ್ವನಿಗೆ ಮಾಡಿದ ಆಣೆ ಎದೆಯಲ್ಲೇ ಇತ್ತು. ಹೊಸ್ತಿಲಲ್ಲಿ ಅಣ್ಣ ನರಳುತ್ತಿದ್ದ. ಹುಲಗಪ್ಪ ಬಾಯಿ ಬಿಡಲಿಲ್ಲ.

"ಪುಂಡಲೀಕ," ಅಂದ ಅವನು. ಒಂಬತ್ತು ವರ್ಷದ ಮೇಲೆ ಬಂದ ಮಾತು, ತಡವರಿಸಿ ಬಂತು. "ಪುಂಡಲೀಕಪ್ಪ ಬೇ. ನಮ್ಮವ್ವ ಅಮೃತವ್ವ."

ನರಳಿಕೆ ನಿಂತಿತು. ವಾಸನೆ ಹೋಯಿತು. ಹೊಸ್ತಿಲು ಖಾಲಿ.

ಆಮೇಲೆ ಪುಂಡಲೀಕಪ್ಪ ಕೆಮ್ಮಿದ. ಒಂದು ಸಲ. ಇನ್ನೊಂದು ಸಲ. ಅಂಗೈ ನೋಡಿಕೊಂಡ. ಕೆಂಪು. ಹುಲಗಪ್ಪ ಓಡಿ ಬಂದು ಹಿಡಿದ. ಬಾಯಿಂದ ಬಂದದ್ದು ನಿಲ್ಲಲಿಲ್ಲ. ಕೌದಿ ನೆನೆಯಿತು. ತಾಯಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಪುಂಡಲೀಕಾ, ಪುಂಡಲೀಕಾ ಅನ್ನುತ್ತಲೇ ಇದ್ದಳು. ಹಣತೆಯ ಎಣ್ಣೆ ತೀರುವ ಮೊದಲೇ ಅವನು ತೀರಿದ.

ಅದೇ ನೋಡ್ರಿ, ದುಃಖ ಯಾರಿಗೆ ಏನು ಕೊಡುತ್ತದೋ ಹೇಳಲಾಗದು. ಮರುದಿನ ಇಬ್ಬರ ಹೆಸರು ಹೇಳಿ ಅತ್ತು, ಇಬ್ಬರಿಗೂ ಎಡೆ ಇಡಿಸಿ, ಹನಮವ್ವ ಎರಡು ಗುಟುಕು ಗಂಜಿ ಕುಡಿದಳು. ಸಾಯಬೇಕಾದ ಮುದುಕಿ ಎದ್ದು ಕೂತಳು.

ಮೂರನೆಯ ದಿನ ಹುಲಗಪ್ಪ ಒಬ್ಬನೇ ಹಮ್ಮಿಗಿಗೆ ಹೋದ. ಬಾಗಿಲಲ್ಲಿದ್ದ ದೇವವ್ವ ಅವನ ಹಿಂದೆ ನೋಡಿದಳು, ಓಣಿಯ ತುದಿತನಕ ನೋಡಿದಳು. ಕಿರುಚಲಿಲ್ಲ. ಅವನು ಎಲ್ಲವನ್ನೂ ಹೇಳಿದ, ಗಂಡನ ನಿಜವಾದ ಹೆಸರನ್ನೂ ಹೇಳಿದ.

"ಹೆಸರು ಹೇಳಿದ್ರ ಜೀವ ಹೋಕ್ಕೈತಿ ಅಂತ ನಿಮಗ ಗೊತ್ತಿತ್ತು."

"ಗೊತ್ತಿತ್ತವ್ವಾ."

"ನೀವು ಬ್ಯಾಡ ಅಂತ ಹೇಳಿದ್ರೇನು?"

"ಇಲ್ಲವ್ವಾ," ಅಂದ ಹುಲಗಪ್ಪ. "ಸುಮ್ಮನ ಕುಂತ ನೋಡಿದ್ನಿ."

ದೇವವ್ವ ಸೆರಗಿನಿಂದ ಹಣೆಯ ಕುಂಕುಮ ಒರೆಸಿಕೊಂಡಳು. ಆಮೇಲೆ ಕೇಳಿದಳು. "ನಿಮ್ಮ ಹೆಸರು ಹೇಳ್ರಿ ಅಣ್ಣಾರ. ತಾಯಿ ಹೆಸರೂ ಹೇಳ್ರಿ. ನಿಮ್ಮ ಬಾಯಿಲೆ ಹೇಳ್ರಿ."

ಯಾಕೆ ಕೇಳುತ್ತಾಳೆ ಅಂತ ಹುಲಗಪ್ಪನಿಗೆ ತಿಳಿಯಿತು; ಮಾಟಕ್ಕೆ ಬೇಕಾದ್ದೂ ಆ ಎರಡೇ ಹೆಸರು. ಯಾವ ಹೆಸರನ್ನಾದರೂ ಹೇಳಬಹುದಿತ್ತು. ಜಿನ್ನಿನಲ್ಲಿ ಸತ್ತವರು, ಊರಲ್ಲಿ ಸತ್ತವರು, ಒಬ್ಬೊಬ್ಬರಾಗಿ ನಾಲಿಗೆಯ ತುದಿಗೆ ಬಂದರು. ಅಣ್ಣನೂ ಬಂದ.

"ಹುಲಗಪ್ಪ," ಅಂದ. "ಹನಮವ್ವನ ಮಗ. ಹರ್ತಿ."

ದೇವವ್ವ ಅದನ್ನು ಮೆಲ್ಲಗೆ ಒಂದು ಸಲ ಹೇಳಿಕೊಂಡಳು, ಸರಿಯಾಯಿತೋ ಇಲ್ಲವೋ ನೋಡುವವಳ ಹಾಗೆ. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.